ಯಾವುದು ಬಂದಿಲ್ಲವೆಂದು ಗೊತ್ತಿರುವ ಊರು

ಹಕ್ಕಿ ನೋಡುವವರು ಊರು ಬಿಡುವುದಾದರೆ ಮೇ ತಿಂಗಳಲ್ಲಿ ಬಿಡಬಾರದು. ಹೇಳಿಹೋಗಬೇಕಾದವರಲ್ಲಿ ಅರ್ಧಕ್ಕರ್ಧ ಅಷ್ಟರಲ್ಲಿ ನಮಗೇ ಹೇಳದೆ ಹೊರಟುಹೋಗಿರುತ್ತಾರೆ. ಆದರೆ ವರ್ಗಾವಣೆಯ ಪಟ್ಟಿ, ಮಕ್ಕಳ ಶಾಲೆ, ಬಾಡಿಗೆಯ ಕರಾರು ಎಲ್ಲವೂ ಮೇ-ಜೂನ್‌ಗೇ ಗಂಟುಬಿದ್ದಿರುವಾಗ ಹಕ್ಕಿಗಳ ಪಂಚಾಂಗವನ್ನು ಯಾರು ಕೇಳುತ್ತಾರೆ? ನಮ್ಮ ಮನೆಯವರಿಗೆ ಗದಗಕ್ಕೆ ವರ್ಗವಾಗಿದೆ. ನಡುಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ದುರ್ಬೀನನ್ನು ಮಾತ್ರ ಕೊನೆಗೆ ಕಟ್ಟುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ.

ಮೈಸೂರಿಗೆ ಚಳಿಗಾಲ ಬಂತೆಂದು ನಾನು ತಿಳಿಯುವುದು ಹಸಿರು ಉಲಿಯಕ್ಕಿಯ ದನಿಯಿಂದ. ಹತ್ತು ಗ್ರಾಂ ಕೂಡ ತೂಗದ, ಎಲೆಯ ಬಣ್ಣದ, ಎಲೆಗಳ ನಡುವೆಯೇ ಬದುಕುವ ಈ ಹಕ್ಕಿ ಬೇಸಿಗೆಯನ್ನು ಹಿಮಾಲಯದಲ್ಲೋ ಅದರಾಚೆಗಿನ ಕಾಡುಗಳಲ್ಲೋ ಕಳೆಯುತ್ತದೆ. ದಸರಾ ಹೊತ್ತಿಗೆ ನಮ್ಮ ರಸ್ತೆಯ ಮಳೆಮರಗಳಿಗೆ ಬಂದಿಳಿದರೆ ಏಪ್ರಿಲ್‌ವರೆಗೆ ‘ಚಿಸ್‌ವೀ, ಚಿಸ್‌ವೀ’ ಎಂದು ಒಂದೇ ಸಮನೆ ಕೂಗುತ್ತಿರುತ್ತದೆ. ಕಣ್ಣಿಗೆ ಬೀಳುವುದು ಅಪರೂಪ. ಕಿವಿಗೆ ಮಾತ್ರ ಬೆಳಗಿನಿಂದ ಸಂಜೆವರೆಗೆ ಬಿಡುವಿಲ್ಲ. ಆಮೇಲೆ ಏಪ್ರಿಲ್ ಕೊನೆಯ ಒಂದು ದಿನ ದನಿ ನಿಂತಿರುತ್ತದೆ. ಬಂದ ದಿನವನ್ನು ಡೈರಿಯಲ್ಲಿ ಬರೆಯುವುದು ಸುಲಭ. ಹೋದ ದಿನ ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ನಿನ್ನೆ ಇತ್ತೇ, ಮೊನ್ನೆಯೇ ಹೋಯಿತೇ ಎಂದು ಯೋಚಿಸುವಷ್ಟರಲ್ಲಿ ಕೋಗಿಲೆಯ ಗಲಾಟೆ ಆ ಖಾಲಿಯನ್ನೂ ತುಂಬಿಬಿಟ್ಟಿರುತ್ತದೆ.

ಊರು ಬಿಡುವಾಗ ನನ್ನ ಕೈತಪ್ಪುವುದು ಇದೇ ಎಂದು ಈಚೆಗೆ ಅನ್ನಿಸುತ್ತಿದೆ. ಹಕ್ಕಿಗಳು ಎಲ್ಲ ಊರಲ್ಲೂ ಇವೆ. ಗದಗಿನಲ್ಲಿ ನೋಡಲಿಕ್ಕೆ ಕಡಿಮೆಯೇನೂ ಇಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಹೊಸ ಊರಿನಲ್ಲಿ ಕಣ್ಣಿಗೆ ಕಾಣುವುದು ಇರುವ ಹಕ್ಕಿ ಮಾತ್ರ. ಬಹಳ ವರ್ಷ ನಡೆದಾಡಿದ ಜಾಗದಲ್ಲಿ ಇಲ್ಲದ ಹಕ್ಕಿಯೂ ಕಾಣುತ್ತದೆ. ಕುಕ್ಕರಹಳ್ಳಿ ಕೆರೆಯ ಬೇಲಿಯ ಆ ಕಂಬದ ಮೇಲೆ ಅಕ್ಟೋಬರ್ ಮೊದಲ ವಾರ ಕಂದು ಕಳಿಂಗ ಕೂತಿರಬೇಕು. ಕೂತಿಲ್ಲವೆಂದರೆ ಅದೂ ಒಂದು ಸುದ್ದಿ. ಕಳಿಂಗಗಳಿಗೆ ವರ್ಷ ವರ್ಷವೂ ಅದೇ ಪೊದೆ, ಅದೇ ಕೊಂಬೆಗೆ ಮರಳುವ ಚಾಳಿ ಇದೆ. ಪರವೂರಿನಿಂದ ಬಂದ ಪಕ್ಷಿಪ್ರೇಮಿ ಅದೇ ಕಂಬದ ಮುಂದೆ ಹಾದುಹೋದರೆ ಅವನಿಗೆ ಕಾಣುವುದು ಖಾಲಿ ಕಂಬ. ಅವನ ದುರ್ಬೀನು ನನ್ನದಕ್ಕಿಂತ ನಾಲ್ಕು ಪಟ್ಟು ಬೆಲೆಯದಾಗಿರಬಹುದು. ಕೂಗು ಕೇಳಿಸಿದರೆ ಹೆಸರು ಹೇಳುವ ಮರ್ಲಿನ್ ಆ್ಯಪ್ ಅವನ ಜೇಬಿನಲ್ಲಿ ಇರಬಹುದು. ಆದರೆ ಕೂಗದೆ ಇರುವ ಹಕ್ಕಿಯ ಹೆಸರು ಹೇಳುವ ಆ್ಯಪ್ ಇನ್ನೂ ಬಂದಿಲ್ಲ.

ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಊರಾಚೆಯ ಗದ್ದೆಗಳಿಗೆ ನೀರು ಸಿಗಲೆಂದು. ಈಗ ಗದ್ದೆಗಳಿದ್ದ ಕಡೆ ಬಡಾವಣೆಗಳಿವೆ, ಕೆರೆ ಊರಿನ ನಡುವೆ ಇದೆ, ಅದರ ಉಸ್ತುವಾರಿ ಮೈಸೂರು ವಿಶ್ವವಿದ್ಯಾಲಯದ್ದು. ಪಕ್ಕದ ಮಾನಸಗಂಗೋತ್ರಿಗೆ ಆ ಹೆಸರಿಟ್ಟ ಕುವೆಂಪು ಈ ಏರಿಯ ಮೇಲೆ ಅಡ್ಡಾಡುತ್ತಿದ್ದರು ಎಂಬುದನ್ನು ಮೈಸೂರಿನವರು ಅತಿಥಿಗಳಿಗೆ ಹೇಳದೆ ಬಿಡುವುದಿಲ್ಲ. ನಾನೂ ಹೇಳಿದ್ದೇನೆ. ಹೇಳದೆ ಬಿಡುವುದು ಕೆರೆಗೆ ಸೇರುವ ಕೊಳಚೆಯ ವಿಷಯ. ದಿವಾನ್ ಪೂರ್ಣಯ್ಯನವರ ಹೆಸರಿನ ಕಾಲುವೆ ಬಡಾವಣೆಗಳ ನಡುವೆ ತುಂಡುತುಂಡಾಗಿ, ಮಳೆನೀರಿನ ದಾರಿ ಕಟ್ಟಿಹೋಗಿದೆ. ಮನೆಗಳ ನೀರಿನ ದಾರಿ ಮಾತ್ರ ಹೇಗೋ ತೆರೆದೇ ಇರುತ್ತದೆ.

ನಡೆಯುವವರ ಕೆರೆ ಇದು. ಬೆಳಿಗ್ಗೆ ಐದೂವರೆಗೆ ಬಂದರೆ ಅರ್ಧ ಮೈಸೂರಿನ ಸಕ್ಕರೆ ಕಾಯಿಲೆ ಏರಿಯ ಮೇಲೆ ಸಾಲಾಗಿ ಹೋಗುತ್ತಿರುತ್ತದೆ. ಕೆಲವರು ಸುಪ್ರಭಾತವನ್ನು ಜೇಬಿನಲ್ಲೇ ಹಾಕಿಕೊಂಡು ಬರುತ್ತಾರೆ, ಅದೂ ಗಟ್ಟಿಯಾಗಿ. ನಿವೃತ್ತರೊಬ್ಬರಿದ್ದಾರೆ, ದಿನಾ ಎದುರಾದಾಗ ‘ಏನು ಸಿಕ್ತು?’ ಎಂದು ಕೇಳುತ್ತಾರೆ, ನಾನು ಗಾಳ ಹಾಕಿ ಕೂತವನೇನೋ ಎಂಬಂತೆ. ‘ಹೆಜ್ಜಾರ್ಲೆ’ ಎಂದರೆ ‘ಅದು ನಿನ್ನೇನೂ ಇತ್ತಲ್ಲ’ ಎನ್ನುತ್ತಾರೆ. ಆ ಮಾತಿನಲ್ಲಿ ಎಷ್ಟು ನಿಶ್ಚಿಂತೆ ಇದೆ ಎಂದು ಪೆಟ್ಟಿಗೆ ಕಟ್ಟುವಾಗ ತಿಳಿಯುತ್ತಿದೆ.

ಹೆಜ್ಜಾರ್ಲೆ ಇಲ್ಲಿ ನಿನ್ನೆಯೂ ಇತ್ತು, ನಾಳೆಯೂ ಇರುತ್ತದೆ. ಕೊಕ್ಕಿನ ಕೆಳಗೆ ಚೀಲ ಕಟ್ಟಿಕೊಂಡ ಈ ಭಾರಿ ಹಕ್ಕಿ ಬೆಳಿಗ್ಗೆ ಬೇಗ ಏಳುವುದಿಲ್ಲ. ನೆಲ ಕಾದು ಬಿಸಿಗಾಳಿ ಮೇಲೇರಲು ಶುರುವಾಗುವವರೆಗೆ ಮರದ ತುದಿಯಲ್ಲೇ ಕೂತಿರುತ್ತದೆ. ಆಮೇಲೆ ರೆಕ್ಕೆ ಬಡಿಯದೆ ಸುತ್ತು ಸುತ್ತಿ ಮೇಲೇರಿ ಕಾವೇರಿಯ ದಿಕ್ಕಿಗೆ ಜಾರುತ್ತದೆ. ಕಾಲೇಜಿಗೆ ಹೋಗುವವರು ತಲೆ ಎತ್ತಿದರೆ ಒಂಬತ್ತು ಗಂಟೆಗೆ ಅದು ವಿಶ್ವವಿದ್ಯಾಲಯದ ಮೇಲೆಯೇ ಸುತ್ತುತ್ತಿರುವುದು ಕಾಣುತ್ತದೆ. ತಲೆ ಎತ್ತುವವರು ಕಡಿಮೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇದೇ ಹಕ್ಕಿ ಮನೆಯಂಗಳದ ಹುಣಸೆಮರದಲ್ಲಿ ಗೂಡು ಕಟ್ಟಿದಾಗ ಊರವರು ಬಾಣಂತನಕ್ಕೆ ಬಂದ ಮಗಳೆನ್ನುತ್ತಾರೆ. 90ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಗೆಳೆಯರು ಅಲ್ಲಿ ಓಡಾಡಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ‘ಹೆಜ್ಜಾರ್ಲೆ ಬಳಗ’ವನ್ನು ಊರವರಿಂದಲೇ ಕಟ್ಟಿಸಿದರು. ಹಕ್ಕಿಗಾಗಿ ಮೈಸೂರಿನವರು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಎರಡನೆಯದು, 2014ರಿಂದ 2016ರವರೆಗೆ ನಗರವನ್ನು ಚೌಕಗಳಾಗಿ ಹಂಚಿಕೊಂಡು, ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ಸುತ್ತಿ ಮಾಡಿದ ಮೈಸೂರು ನಗರದ ಹಕ್ಕಿ ಅಟ್ಲಾಸ್. ಅದರ ನಕ್ಷೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಖಾಲಿ ಬಿಟ್ಟ ಚೌಕಗಳನ್ನು.

ಉಳಿದ ಜಾಗಗಳ ಮಾತು ಬೇಗ ಮುಗಿಸುತ್ತೇನೆ. ಕಾರಂಜಿ ಕೆರೆ ಚೆನ್ನಾಗಿದೆ, ಮಕ್ಕಳಿಗೆ. ಅಲ್ಲಿಯ ಪಕ್ಷಿಪಂಜರದೊಳಗೆ ದುರ್ಬೀನು ಹಿಡಿದು ನಿಲ್ಲುವುದರಲ್ಲಿ ನನಗೆ ರುಚಿ ಇಲ್ಲ. ಮುಮ್ಮಡಿಯವರು ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆ ಕುರುಚಲು ಕಾಡಿನ ಹಕ್ಕಿಗಳಿಗೆ ಒಳ್ಳೆಯದು, ನೀರಿನ ಮಾತು ವರ್ಷದ ಮೇಲೆ. ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಸಾವಿರ ಮೆಟ್ಟಿಲು ಎಣಿಸುವ ಭಕ್ತರು ಪೊದೆಯಲ್ಲಿ ಎಲೆ ಕೆದರುವ ನವರಂಗವನ್ನು ದಾಟಿಕೊಂಡೇ ಹೋಗುತ್ತಾರೆ. ಒಂದು ಅಂಗೈಯಷ್ಟು ಮೈಯಲ್ಲಿ ಅಷ್ಟು ಬಣ್ಣ ತುಂಬಿಕೊಂಡ ಹಕ್ಕಿ ನೆಲದ ಮೇಲೆ ಹೇಗೆ ಅಡಗುತ್ತದೆ ಎಂಬುದು ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಗೆಳೆಯರು ರಂಗನತಿಟ್ಟಿನಲ್ಲಿ ಬೀಳ್ಕೊಡುಗೆ ಇಟ್ಟುಕೊಳ್ಳೋಣ ಎಂದರು. ದೋಣಿ, ಬಣ್ಣದ ಕೊಕ್ಕರೆಯ ಮರಿಗಳು, ಬಂಡೆಯ ಮೇಲೆ ಬಾಯಿ ತೆರೆದ ಮೊಸಳೆ, ಗುಂಪಿನ ಫೋಟೋ. ಬೇಡವೆಂದೆ. ರಂಗನತಿಟ್ಟಿನ ಮೇಲೆ ನನಗೆ ಅಸಮಾಧಾನವೇನಿಲ್ಲ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ ಒಡ್ಡಿನಿಂದ ಹುಟ್ಟಿದ ನಡುಗಡ್ಡೆಗಳಲ್ಲಿ ಹಕ್ಕಿ ಗೂಡುಕಟ್ಟುವುದನ್ನು ಸಲೀಂ ಅಲಿ ಕಂಡು, ಮಹಾರಾಜರಿಗೆ ಹೇಳಿ, 1940ರಲ್ಲಿ ಅದು ಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಅತಿಥಿ ಬಂದರೆ ನಾನೇ ಕರೆದೊಯ್ಯುತ್ತೇನೆ. ನನ್ನ ತಕರಾರು ಬೀಳ್ಕೊಡುಗೆಯ ಸುತ್ತಾಟದ ಮೇಲೆ. ‘ಇದು ಕೊನೆಯ ಸಲ’ ಎಂದುಕೊಂಡು ಹೊರಟವನ ಕಣ್ಣು ಹಕ್ಕಿಯ ಮೇಲೆ ಇರುವುದಿಲ್ಲ, ತನ್ನ ಮೇಲೆಯೇ ಇರುತ್ತದೆ. ಮಿಂಚುಳ್ಳಿ ಮೀನು ಹಿಡಿದರೂ ಅದು ತನಗಾಗಿಯೇ ಹಿಡಿಯಿತು ಎಂದುಕೊಳ್ಳುತ್ತಾನೆ. ಅಂಥ ದಿನದ ಟಿಪ್ಪಣಿ ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ. ನಾನು ದಿನಾ ಹೋಗುವ ದಾರಿಯಲ್ಲೇ, ದಿನಾ ಹೋಗುವ ಹೊತ್ತಿಗೇ ಹೋಗಿ, ಇದ್ದುದನ್ನು ಬರೆದು ಬರುತ್ತಿದ್ದೇನೆ. ಮೊನ್ನೆ ಸಂಜೆ ಮಳೆ ಬಿದ್ದ ಮೇಲೆ ಜೊಂಡಿನೊಳಗಿಂದ ಹುಂಡುಕೋಳಿಗಳು ಜಗಳವೋ ಮದುವೆಯೋ ತಿಳಿಯದಂತೆ ಅರಚಿದವು. ಬರೆದುಕೊಂಡೆ. ದೇವನಕ್ಕಿಯ ಬಾಲ ಉದ್ದವಾಗುತ್ತಿದೆ. ಅದನ್ನೂ ಬರೆದುಕೊಂಡೆ. ಚಾತಕ ಇನ್ನೂ ಬಂದಿಲ್ಲ. ಅದು ಬರುವ ಮೊದಲು ಲಾರಿ ಬರುತ್ತದೆ.

ಗದಗಿನ ಮಾತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಹಿಂಡಿನಲ್ಲಿ ಬರುತ್ತವೆ. 2024ರಲ್ಲಿ ಆ ಕೆರೆಯೂ ರಾಮ್ಸರ್ ಪಟ್ಟಿಗೆ ಸೇರಿತು. ಈ ಬಾತುಗಳ ಪರಿಚಯ ನನಗೆ ಆದದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ. ಮೈಸೂರು ಒಡೆಯರ ವಂಶದ ಕಥೆ ಶುರುವಾದದ್ದೂ ಅದೇ ಸೀಮೆಯಲ್ಲಿ ಎನ್ನುತ್ತದೆ ಐತಿಹ್ಯ. ಜನವರಿಯ ಬೆಳಿಗ್ಗೆ ಆ ಏರಿಯ ಮೇಲೆ ನಿಂತವರಿಗೆ ಒಡೆಯರು ನೆನಪಾಗುವುದಿಲ್ಲ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಗಂಟಲಿನಲ್ಲಿ ಮೂಗಿನಿಂದ ಮಾತಾಡುವಂಥ ದನಿ. ಟಿಬೆಟ್‌ನಿಂದ, ಮಂಗೋಲಿಯಾದಿಂದ ಹಿಮಾಲಯ ದಾಟಿ ಬಂದವು. 7,000 ಮೀಟರಿಗೂ ಎತ್ತರದಲ್ಲಿ, ನಾವು ಉಸಿರಿಗೆ ಒದ್ದಾಡುವ ಗಾಳಿಯಲ್ಲಿ, ರೆಕ್ಕೆ ಬಡಿದೇ ಹಾರಬಲ್ಲವು ಎಂದು ಉಪಗ್ರಹದ ಪಟ್ಟಿ ಕಟ್ಟಿ ನೋಡಿದವರು ತೋರಿಸಿದ್ದಾರೆ. ಮಂಗೋಲಿಯಾದಲ್ಲಿ ಕೊರಳಿಗೆ ಅಕ್ಷರದ ಪಟ್ಟಿ ತೊಡಿಸಿದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಾಗೆ ಒಂದರ ಕೊರಳ ಅಕ್ಷರ ಓದಲೆಂದು ಕೆಸರಿನಲ್ಲಿ ಮಂಡಿಯೂರಿ ಕೂತವರಿಗೆ ಮಾತ್ರ ಗೊತ್ತು, ಬಾತು ಕತ್ತು ತಿರುಗಿಸುವುದು ನಮಗೆ ಬೇಕಾದ ಕಡೆಗಲ್ಲ ಎಂದು.

ಗೆಳೆಯರೊಬ್ಬರು ‘ನಿನಗೇನು, ಅದೇ ಬಾತು ಅಲ್ಲೂ ಸಿಗುತ್ತೆ’ ಎಂದು ಸಮಾಧಾನ ಹೇಳಿದರು. ಸಿಗುತ್ತದೆ, ನಿಜ. ಕಪ್ಪತಗುಡ್ಡ ಇದೆ, ಎರೆಭೂಮಿಯ ಬಾನಾಡಿಗಳಿವೆ, ಹಿಂಗಾರಿ ಬೆಳೆಯ ಮೇಲೆ ತೇಲುತ್ತ ಬರುವ ಸೆಳೆವಗಳಿವೆ. ಮೈಸೂರಿನಲ್ಲಿ ಸೆಳೆವ ಕಂಡರೆ ನಾಲ್ಕು ಜನಕ್ಕೆ ಫೋನು ಮಾಡುತ್ತಿದ್ದ ನಾನು ಅಲ್ಲಿ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಮೊದಲ ವರ್ಷ ಹಬ್ಬವೇ ಸರಿ. ಕಂಡದ್ದೆಲ್ಲ ಹೊಸದು, ಪಟ್ಟಿ ಬೆಳೆಯುತ್ತದೆ, ಪಟ್ಟಿ ಬೆಳೆಸುವವರನ್ನು ಇದೇ ಅಂಕಣದಲ್ಲಿ ಲೇವಡಿ ಮಾಡಿದವನ ಪಟ್ಟಿಯೂ ಬೆಳೆಯುತ್ತದೆ. ಆದರೆ ಮಾಗಡಿ ಕೆರೆಗೆ ಬಾತುಗಳು ಎಂದು ಬರಬೇಕಿತ್ತು, ಈ ಸಲ ತಡವಾಯಿತೇ, ಹಿಂಡು ಹೋದ ವರ್ಷಕ್ಕಿಂತ ಸಣ್ಣದೇ ಎಂದು ಕೇಳಿದರೆ ನನ್ನ ಬಳಿ ಉತ್ತರ ಇರುವುದಿಲ್ಲ. ಬಲ್ಲವರು ಆ ಕೆರೆಯ ಸುತ್ತಲೇ ಇದ್ದಾರೆ. ಬಾತುಗಳು ಮೇಯುವುದೇ ಅವರ ಹೊಲಗಳಲ್ಲಿ. ಬಾತಿನ ವಿಷಯದಲ್ಲಿ ಅವರ ಅಭಿಪ್ರಾಯ ನಮ್ಮ ಪಕ್ಷಿಪ್ರೇಮಿಗಳದಕ್ಕಿಂತ ಖಾರವಾಗಿಯೂ ಖಚಿತವಾಗಿಯೂ ಇರುತ್ತದೆಂದು ನನ್ನ ಊಹೆ. ಮೊದಲ ಚಳಿಗಾಲ ದುರ್ಬೀನಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಬೇಕೆಂದಿದ್ದೇನೆ.

ಇಲ್ಲಿಯ ಒಂದು ಕೆಲಸ ಬಾಕಿ ಉಳಿಯುತ್ತದೆ. ಕುಕ್ಕರಹಳ್ಳಿಯ ನಡುಗಡ್ಡೆಗೆ ಸಂಜೆ ತಂಗಲು ಬರುವ ಹಕ್ಕಿಗಳನ್ನು ತಿಂಗಳಿಗೊಮ್ಮೆ ಎಣಿಸುತ್ತಿದ್ದೆ. ಯಾರಾದರೂ ಮುಂದುವರಿಸುವುದಾದರೆ ಕ್ರಮ ಇಷ್ಟು. ಪ್ರತಿ ಸಲವೂ ಏರಿಯ ಮೇಲೆ ಒಂದೇ ಜಾಗದಲ್ಲಿ ನಿಲ್ಲಿ. ಜಾಗ ಬದಲಾದರೆ ಹಳೆಯ ಲೆಕ್ಕಕ್ಕೂ ಹೊಸದಕ್ಕೂ ತಾಳೆ ಇರುವುದಿಲ್ಲ. ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಇರುವಾಗ ಶುರುಮಾಡಿ, ಕೊಕ್ಕು ಕಾಣದಷ್ಟು ಕತ್ತಲಾಗುವವರೆಗೆ ಬಿಡಬೇಡಿ, ಏಕೆಂದರೆ ನೀರುಕಾಗೆಗಳ ದೊಡ್ಡ ಸಾಲುಗಳು ಬರುವುದೇ ಕಡೆಯಲ್ಲಿ. ಅವನ್ನು ಒಂದೊಂದಾಗಿ ಎಣಿಸಹೊರಟರೆ ತಪ್ಪುತ್ತದೆ, ಹತ್ತು ಹಕ್ಕಿಯ ಉದ್ದವನ್ನು ಕಣ್ಣಿಗೆ ರೂಢಿ ಮಾಡಿಕೊಂಡು ಸಾಲನ್ನು ಅದರಿಂದ ಅಳೆಯಿರಿ. ಒಂದೂ ಹಾವಕ್ಕಿ ಬರದಿದ್ದರೆ ಆ ಸಾಲು ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಮತ್ತೆ, ಎಲ್ಲವೂ ಒಳಗೆ ಬರುವ ಹೊತ್ತಿಗೇ ಇರುಳು ಬಕಗಳು ‘ಕ್ವಾಕ್’ ಎನ್ನುತ್ತ ಹೊರಗೆ ಹೊರಡುತ್ತವೆ. ಅವನ್ನು ಬಂದವರ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಪುಟ ಇಡಿ.