‘ದಿ ಓಮೆನ್’ ಚಿತ್ರದ ಸಂಗೀತ ಮತ್ತು ಭಯಾನಕ ರಸ

ಭಯವು ಲೋಕದಲ್ಲಿ ಯಾರಿಗೂ ಬೇಡವಾದ ಭಾವ. ಆದರೆ ಕಾವ್ಯನಾಟಕಗಳಲ್ಲಿ ಸಹೃದಯರು ಅದನ್ನೇ ಬಯಸಿ ಅನುಭವಿಸುತ್ತಾರೆ. ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿ, ಅದು ಬೀಭತ್ಸದಿಂದ ಹುಟ್ಟತಕ್ಕದ್ದೆಂದು ಹೇಳಿದ್ದಾನೆ. ಆದರೆ ಹೆದರಿಸುವುದು ಬೇರೆ, ಭಯವನ್ನು ರಸವಾಗಿಸುವುದು ಬೇರೆ. ಕತ್ತಲಲ್ಲಿ ಹಿಂದಿನಿಂದ ಬಂದು ಕಿರುಚಿದವನೂ ಹೆದರಿಸಬಲ್ಲನು. ಅವನನ್ನು ಯಾರೂ ಕಲಾವಿದನೆನ್ನರು. 1976ರಲ್ಲಿ ತೆರೆಕಂಡ ‘ದಿ ಓಮೆನ್’ ಎಂಬ ಚಲಚ್ಚಿತ್ರಕ್ಕೆ ಅಮೆರಿಕದ ಜೆರ್ರಿ ಗೋಲ್ಡ್‌ಸ್ಮಿತ್ (1929–2004) ರಚಿಸಿದ ಸಂಗೀತವು ಈ ಭೇದವನ್ನು ಪರೀಕ್ಷಿಸಲು ಒಳ್ಳೆಯ ನಿದರ್ಶನವಾಗಿದೆ.

ಕಥೆಯು ಸರಳವಾದುದು. ರಾಬರ್ಟ್ ಥಾರ್ನ್ ಎಂಬ ಅಮೆರಿಕದ ರಾಜತಂತ್ರಜ್ಞನು, ರೋಮಿನಲ್ಲಿ ತನ್ನ ಶಿಶುವು ಸತ್ತಿತೆಂದು ತಿಳಿದು, ಹೆಂಡತಿಗೆ ತಿಳಿಸದೆ ಬೇರೊಂದು ಶಿಶುವನ್ನು ಆಕೆಯ ಮಡಿಲಿಗಿಡುತ್ತಾನೆ. ಲಂಡನ್ನಿನಲ್ಲಿ ರಾಯಭಾರಿಯಾದ ಮೇಲೆ ಆ ಹುಡುಗ ಡೇಮಿಯನ್ನನ ಸುತ್ತ ಸಾವುಗಳು ಒಂದರ ಹಿಂದೊಂದು ನಡೆಯುತ್ತವೆ. ಬೈಬಲ್ಲು ಹೇಳುವ ಕ್ರಿಸ್ತವಿರೋಧಿಯೇ ಈ ಬಾಲಕನೆಂಬುದು ತಂದೆಗೆ ಕ್ರಮೇಣ ಮನದಟ್ಟಾಗುತ್ತದೆ.

ಗೋಲ್ಡ್‌ಸ್ಮಿತ್ತನು ಈ ಕಥೆಗೆ ಬಳಸಿದ ಉಪಾಯವು ದೇವಾಲಯದಿಂದಲೇ ಬಂದುದು. ‘ಆವೆ ಸತಾನಿ’ ಎಂಬ ಮೇಳಗಾನದಲ್ಲಿ ಲ್ಯಾಟಿನ್ ಮಾತುಗಳೂ ಮಠಗಳ ಸ್ತೋತ್ರದ ಧಾಟಿಯೂ ಇವೆ. ಅರ್ಥ ಮಾತ್ರ ತಲೆಕೆಳಗು. ಕ್ರೈಸ್ತರ ಪೂಜೆಯಲ್ಲಿ ಭಕ್ತರು ಪ್ರಭುವಿನ ದೇಹವೆಂದೂ ರಕ್ತವೆಂದೂ ಸ್ವೀಕರಿಸುವ ಪ್ರಸಾದವೇ ಇಲ್ಲಿ ಸೈತಾನನ ಆರಾಧನೆಯಾಗಿದೆ. ವ್ಯಾಕರಣಜ್ಞರು ಈ ಲ್ಯಾಟಿನ್ ಶುದ್ಧವಲ್ಲವೆನ್ನುತ್ತಾರೆ. ಆದರೆ ಕೇಳುವವನ ಎದೆ ನಡುಗುವುದಕ್ಕೆ ವಿಭಕ್ತಿಪ್ರತ್ಯಯದ ಶುದ್ಧಿ ಬೇಕಾಗಿಲ್ಲ. ಎರಡನೆಯ ವ್ಯಾಟಿಕನ್ ಸಭೆಯ (1962–65) ತರುವಾಯ ಪೂಜೆಯು ದೇಶಭಾಷೆಗಳಿಗೆ ತಿರುಗಿದ್ದುದರಿಂದ, ಆ ವೇಳೆಗೆ ಲ್ಯಾಟಿನ್ನು ಬಹುಮಂದಿಗೆ ಅಜ್ಜಂದಿರ ಕಾಲದ ದನಿಯಾಗಿತ್ತು. ಪರಿಚಿತವೂ ಗೂಢವೂ ಆದ ಈ ದನಿಯೇ ಭಯದ ಬೀಜ. ಭರತನು ಹೇಳಿದ ಬೀಭತ್ಸವು ಮಾತಿನ ಅರ್ಥದಲ್ಲಿ ಅಡಗಿದೆ. ಭಯಾನಕವು ಸ್ವರದಲ್ಲಿ ಹೊಮ್ಮಿದೆ.

ಪವಿತ್ರವಾದುದನ್ನು ಹೀಗೆ ತಿರುಚುವ ಪದ್ಧತಿಯು ಹೊಸದೇನೂ ಅಲ್ಲ. ಫ್ರಾನ್ಸಿನ ಬೆರ್ಲಿಯೋಜನು 1830ರಲ್ಲೇ ತನ್ನ ಸಿಂಫನಿಯೊಂದರ ಕಡೆಯ ಭಾಗದಲ್ಲಿ ಮೃತರ ಪ್ರಾರ್ಥನೆಯ ‘ದಿಯೆಸ್ ಇರೆ’ ಸ್ತೋತ್ರವನ್ನು ಮಾಟಗಾತಿಯರ ಕುಣಿತಕ್ಕೆ ತಂದಿದ್ದನು. ಗೋಲ್ಡ್‌ಸ್ಮಿತ್ತನ ವಿಶೇಷವು ಕಂಠವನ್ನು ಬಳಸಿದ ರೀತಿಯಲ್ಲಿದೆ. ಇಟಲಿಯ ಹಳೆಯ ಸ್ಮಶಾನದಲ್ಲಿ ನಾಯಿಗಳು ಥಾರ್ನನ ಮೇಲೆರಗುವ ಸಂದರ್ಭದಲ್ಲಿ ಗಾಯಕರು ಹಾಡುವುದಕ್ಕಿಂತ ಹೆಚ್ಚಾಗಿ ಪಿಸುಗುಟ್ಟುತ್ತಾರೆ, ತುಂಡುತುಂಡಾಗಿ ಉಚ್ಚರಿಸುತ್ತಾರೆ. ಮನುಷ್ಯಕಂಠವು ಮೃಗದ ಕಂಠಕ್ಕೆ ಇಳಿಯುವುದನ್ನು ಕಿವಿಯೇ ಕಾಣುತ್ತದೆ.

ಆದರೆ ಈ ಕೃತಿಯು ನಿಂತಿರುವುದು ಕೇವಲ ಘೋರದ ಮೇಲಲ್ಲ. ಗಂಡಹೆಂಡಿರ ಒಲವಿಗೆಂದು ಗೋಲ್ಡ್‌ಸ್ಮಿತ್ತನು ಮೃದುವಾದ ರಾಗವೊಂದನ್ನು ರಚಿಸಿದ್ದಾನೆ. ಕಳೆದುಕೊಳ್ಳಲು ಏನೂ ಇಲ್ಲದ ಮನೆಗೆ ಭಯವೂ ಇಲ್ಲ. ಆ ರಾಗವನ್ನು ಕೇಳಿದವನಿಗೇ ಮೇಳದ ಗರ್ಜನೆಯು ಯಾರ ಸುಖವನ್ನು ನುಂಗಲು ಬರುತ್ತಿದೆಯೆಂಬುದು ತಿಳಿಯುತ್ತದೆ. ಭಯವು ರಸವಾಗುವುದು ಇಲ್ಲಿ.

ದೋಷವನ್ನೂ ಹೇಳಬೇಕು. ಡೇವಿಡ್ ಸೆಲ್ಟ್ಜರನ ಚಿತ್ರಕಥೆಯಲ್ಲಿ ಅನೇಕ ಸಾವುಗಳು ಆಕಸ್ಮಿಕವೂ ಆಗಿರಬಹುದು: ಗಾಳಿಮಳೆಯಲ್ಲಿ ಚರ್ಚಿನ ಮೇಲಿನ ಕಂಬ ಬೀಳುತ್ತದೆ, ತಾನಾಗಿ ಉರುಳಿದ ಬಂಡಿಯಿಂದ ಗಾಜಿನ ಹಲಗೆ ಜಾರುತ್ತದೆ. ಥಾರ್ನನು ದುಃಖದಿಂದ ಬುದ್ಧಿ ಕೆಟ್ಟು ನಿರಪರಾಧಿ ಬಾಲಕನ ಮೇಲೆ ಕತ್ತಿಯೆತ್ತಿದನೇ ಎಂಬ ಸಂದೇಹಕ್ಕೆ ಅಲ್ಲಿ ಎಡೆಯಿದೆ. ಆ ಸಂದೇಹವು ಉಳಿದಿದ್ದರೆ ಚಿತ್ರವು ಇನ್ನೂ ದಾರುಣವಾಗುತ್ತಿತ್ತು. ಆದರೆ ಹೆಸರುಗಳು ತೆರೆಯ ಮೇಲೆ ಮೂಡುವಾಗಲೇ ಮೇಳವು ಸೈತಾನನಿಗೆ ಜಯಕಾರ ಹಾಕುತ್ತದೆ. ತೀರ್ಪು ಮೊದಲೇ ಬಂತು, ವಿಚಾರಣೆ ಆಮೇಲೆ ನಡೆಯುತ್ತದೆ. ಸಂಗೀತವು ಇಲ್ಲಿ ಕಥೆಗಿಂತ ಬಲಶಾಲಿಯಾಗಿ ಕಥೆಯ ಸೂಕ್ಷ್ಮವನ್ನು ಕಳೆದಿದೆ.

ಇದಕ್ಕೆ ಸಮಾಧಾನವೂ ಉಂಟು. ಪ್ರೇಕ್ಷಕನಿಗೆ ತಿಳಿದುದು ತಂದೆಗೆ ತಿಳಿಯದು. ಆತನು ಮಗುವನ್ನು ಮುದ್ದಿಸುವಾಗ ಭಯದೊಡನೆ ಕರುಣವೂ ಸೇರುತ್ತದೆ. ಸಂದೇಹದಲ್ಲಿ ಕಳೆದುದನ್ನು ಕನಿಕರದಲ್ಲಿ ಒಂದಿಷ್ಟು ಮರಳಿ ಪಡೆದಂತಾಯಿತು.

1977ರಲ್ಲಿ ಈ ಸಂಗೀತಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಹದಿನೆಂಟು ಸಲ ನಾಮನಿರ್ದೇಶನ ಪಡೆದ ಗೋಲ್ಡ್‌ಸ್ಮಿತ್ತನಿಗೆ ಸಂದ ಆಸ್ಕರ್ ಇದೊಂದೇ. ತರುವಾಯದ ಎಷ್ಟೋ ಚಿತ್ರಗಳಲ್ಲಿ ಲ್ಯಾಟಿನ್ ಮೇಳವು ಅಗ್ಗದ ಸಾಮಗ್ರಿಯಾಗಿ ಬಳಕೆಗೆ ಬಂದಿದೆ. ಅನುಕರಿಸಿದವರು ಗರ್ಜನೆಯನ್ನು ಮಾತ್ರ ಕೊಂಡುಹೋದರು. ಗರ್ಜನೆಗೆ ಬೆಲೆ ತಂದ ಆ ಮೆಲುರಾಗವನ್ನು ಅಲ್ಲೇ ಬಿಟ್ಟರು.