ಲೇಟನ್ ದೊರೆಯ ಹಿಂದಿನ ಮೆಟ್ಟಿಲು

ಲಂಡನ್ನಿಗೆ ಹೋದ ನಮ್ಮಂಥವರು ಮೊದಲು ಹುಡುಕಿಕೊಂಡು ಹೋಗುವುದು ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯನ್ನು. ಬಾಬಾಸಾಹೇಬರು 1921-22ರಲ್ಲಿ ಓದುತ್ತಾ ಇದ್ದ ಮನೆ. ನಾವೂ ಅಲ್ಲಿಗೇ ಮೊದಲು ಹೋದೆವು. ಅದನ್ನು ಮ್ಯೂಸಿಯಂ ಮಾಡಬಾರದೆಂದು ಅಕ್ಕಪಕ್ಕದವರು ತಕರಾರು ತೆಗೆದು, ಅಲ್ಲಿನ ಕೌನ್ಸಿಲ್ಲು ಇಲ್ಲವೆಂದು, ವಿಚಾರಣೆ ನಡೆದು, ಕೊನೆಗೆ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಮಾರನೆಯ ದಿನ ನಾವು ನೋಡಿದ ಇನ್ನೊಂದು ಮನೆಗೆ ಇಂಥ ತೊಡಕಿರಲಿಲ್ಲ. ಯಜಮಾನ ಸತ್ತು ನಾಲ್ಕೇ ವರ್ಷಕ್ಕೆ, 1900ರಲ್ಲಿ, ಅದರ ಬಾಗಿಲು ಜನರಿಗೆ ತೆರೆದಿತ್ತು. ಈ ಬರಹ ಆ ಮನೆಯ ಬಗ್ಗೆ.

ಕೆನ್ಸಿಂಗ್ಟನ್ನಿನ ಹಾಲೆಂಡ್ ಪಾರ್ಕ್ ರಸ್ತೆಯ ಲೇಟನ್ ಹೌಸ್. ವಿಕ್ಟೋರಿಯಾ ರಾಣಿಯ ಕಾಲದ ಚಿತ್ರಕಾರ ಫ್ರೆಡರಿಕ್ ಲೇಟನ್ 1864ರಿಂದ ಶುರುಮಾಡಿ ಸಾಯುವತನಕ ಕಟ್ಟಿಸುತ್ತಲೇ ಇದ್ದ ಮನೆ. ಈತ ಹಸಿದು ಬಣ್ಣ ಬಳಿದ ಬಡಪಾಯಿ ಕಲಾವಿದನಲ್ಲ. ಅಜ್ಜ ರಷ್ಯದ ಚಕ್ರವರ್ತಿಗಳಿಗೆ ವೈದ್ಯನಾಗಿದ್ದವನು. ಈತ 1878ರಿಂದ ರಾಯಲ್ ಅಕಾಡೆಮಿಯ ಅಧ್ಯಕ್ಷ. 1896ರಲ್ಲಿ ಸಾಯುವ ಹಿಂದಿನ ದಿನ ಲಾರ್ಡ್ ಪದವಿಯೂ ಬಂತು. ಇಷ್ಟು ದೊಡ್ಡ ಮನೆಯಲ್ಲಿ ಧಣಿಗೆ ಮಲಗುವ ಕೋಣೆ ಒಂದೇ ಒಂದು. ಮದುವೆಯಿಲ್ಲ, ಮಕ್ಕಳಿಲ್ಲ.

ಒಳಗೆ ಹೋದರೆ ಅರಬ್ ಹಾಲ್. ಸುಳ್ಳು ಯಾಕೆ ಹೇಳೋಣ, ಬಾಯಿ ತೆರೆದುಕೊಂಡು ನಿಂತೆವು. ಮೇಲೆ ಬಂಗಾರದ ಬಣ್ಣದ ಗುಮ್ಮಟ, ಕೆಳಗೆ ಕಪ್ಪು ಕಲ್ಲಿನ ಕೊಳದಲ್ಲಿ ಚಿಮ್ಮುವ ನೀರು, ಸುತ್ತ ಗೋಡೆ ತುಂಬ ನೀಲಿ, ಹಸಿರು ಮೆರುಗಿನ ಟೈಲುಗಳು. ಬಹುಪಾಲು ಡಮಾಸ್ಕಸ್ಸಿನವು, ಹದಿನಾರು ಹದಿನೇಳನೆಯ ಶತಮಾನದವು. ಲೇಟನ್ ಕೆಲವನ್ನು ತಾನೇ ತಂದ. ಉಳಿದವನ್ನು ರಿಚರ್ಡ್ ಬರ್ಟನ್‌ನಂಥ ಗೆಳೆಯರು ಸಂಪಾದಿಸಿ ಕಳಿಸಿದರು. 1877ರಿಂದ 1881ರವರೆಗೆ ಈ ಹಾಲ್ ಕಟ್ಟಿದರು. ಇಲ್ಲಿ ಅಡಿಗೆ ಮಾಡುವುದಿಲ್ಲ, ಮಲಗುವುದಿಲ್ಲ, ಚಿತ್ರವನ್ನೂ ಬರೆಯುವುದಿಲ್ಲ. ಸುಮ್ಮನೆ ನೋಡುವುದಕ್ಕೆ. ಮೇಲಂತಸ್ತಿನಿಂದ ಇಣುಕಲು ಕೈರೋದಿಂದ ತಂದ ಮರದ ಜಾಲರಿಯ ಕಿಟಕಿ ಬೇರೆ. ಅದಕ್ಕೆ ಹೆಸರು ಜನಾನಾ. ಹೆಂಗಸರೇ ಇಲ್ಲದ ಮನೆಗೆ ಜನಾನಾ!

ಕಟ್ಟಡ ಯೋಜಿಸಿದವನು ಜಾರ್ಜ್ ಐಚಿಸನ್. ಟೈಲು ಜೋಡಿಸಿ, ಒಡೆದುಹೋದ ಕಡೆ ಅದೇ ಬಗೆಯದನ್ನು ಮಾಡಿ ತುಂಬಿದವನು ವಿಲಿಯಂ ಡಿ ಮೋರ್ಗನ್. ಮೇಲಿನ ಮೊಸಾಯಿಕ್ ಪಟ್ಟಿ ವಾಲ್ಟರ್ ಕ್ರೇನ್‌ನದು. (ಈ ಕ್ರೇನ್ ಆಮೇಲೆ ಸಮಾಜವಾದಿಯಾಗಿ ಮೇ ದಿನಕ್ಕೆ ಕಾರ್ಮಿಕರ ಚಿತ್ರ ಬರೆದುಕೊಟ್ಟ. ನಮ್ಮವನೇ ಅನ್ನಿ.) ಇವರೆಲ್ಲರ ಹೆಸರೂ ಪುಸ್ತಕದಲ್ಲಿ ಸಿಗುತ್ತದೆ. ಮಣ್ಣು ತುಳಿದು, ಹದಮಾಡಿ, ಗೂಡಿನ ಬೆಂಕಿಯ ಮುಂದೆ ಬೆಂದು ಈ ನೀಲಿಯನ್ನು ತೆಗೆದ ಡಮಾಸ್ಕಸ್ಸಿನ ಕುಂಬಾರರ ಹೆಸರು ಮಾತ್ರ ಒಂದೂ ಇಲ್ಲ.

ಧಣಿಗಳ ಕಲೆ ನಮಗ್ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಅವರ ಸಿಟ್ಟು ನಮಗೆ ಗೊತ್ತು, ಆದರೆ ಈ ಮಾತು ಒಪ್ಪುವುದಿಲ್ಲ. ಆ ನೀಲಿ ಲೇಟನ್ನನದಲ್ಲ. ಅದನ್ನು ಬೇಡವೆಂದರೆ ನಾವು ಕೈಬಿಡುವುದು ಕುಂಬಾರನನ್ನೇ ಹೊರತು ದೊರೆಯನ್ನಲ್ಲ.

ಮಹಡಿಯಲ್ಲಿ ಚಿತ್ರಶಾಲೆ. ಉತ್ತರಕ್ಕೆ ಆಳೆತ್ತರ ಮೀರಿದ ಕಿಟಕಿ, ದಿನವೆಲ್ಲ ಒಂದೇ ಹದದ ಬೆಳಕು. ಅಲ್ಲಿಗೆ ಹೋಗಲು ಎರಡು ದಾರಿ. ಅತಿಥಿಗಳಿಗೆ ಮುಂಬಾಗಿಲು, ಅಗಲವಾದ ಮೆಟ್ಟಿಲು, ಬುಡದಲ್ಲಿ ಹೊಟ್ಟು ತುಂಬಿದ ನವಿಲು. ರೂಪದರ್ಶಿಗಳಿಗೆ ಬೇರೆ ಬಾಗಿಲು, ಬೇರೆ ಇಕ್ಕಟ್ಟಾದ ಮೆಟ್ಟಿಲು. ದುಡ್ಡಿಗಾಗಿ ಮೈ ತೋರಿಸಿ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುವ ಹೆಣ್ಣುಗಂಡು ದೊಡ್ಡವರ ಕಣ್ಣಿಗೆ ಬೀಳಬಾರದಲ್ಲ! ಅದೇ ಮೈ ಚೌಕಟ್ಟಿನೊಳಗೆ ಗ್ರೀಕ್ ದೇವತೆಯಾಗಿ ಕೂತರೆ ಅದೇ ಅತಿಥಿಗಳು ಹತ್ತಿರ ಹೋಗಿ ಮೆಚ್ಚಿ ನೋಡುತ್ತಿದ್ದರು.

ಧಣಿಯ ಮನೆಗೆ ಸೌದೆ ಹೊತ್ತು ಹಿತ್ತಿಲಿಗೆ ಹೋದವರ ಮಕ್ಕಳಿಗೆ ಈ ಕಟ್ಟಡವಿದ್ಯೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಅದೂ ಇದೂ ಒಂದೇ ಎನ್ನುವ ಅವಸರ ನಮಗಿಲ್ಲ. ರೂಪದರ್ಶಿ ಆ ಕೆಲಸ ಬಿಟ್ಟರೆ ಹಿಂದಿನ ಮೆಟ್ಟಿಲೂ ಬಿಟ್ಟುಹೋಗುತ್ತಿತ್ತು. ನಮ್ಮವರಿಗೆ ಅದು ಹುಟ್ಟಿನ ಜೊತೆಗೇ ಬಂದು ಸುಡುಗಾಡಿನ ತನಕ ಬೆನ್ನು ಹತ್ತಿದೆ. ಲೇಟನ್ನನ ಕೊನೆಗಾಲದ ಎಷ್ಟೋ ಚಿತ್ರಗಳಲ್ಲಿರುವ ಮುಖ ಡೊರೊಥಿ ಡೀನ್‌ಳದು. ಹುಟ್ಟುಹೆಸರು ಅದಾ ಆಲಿಸ್ ಪುಲ್ಲನ್. ಬಡವರ ಮನೆಯ ಹುಡುಗಿ, ರೂಪದರ್ಶಿಯಾಗಿ ದುಡಿದು ತಂಗಿಯರನ್ನು ಸಾಕಿದವಳು, ಆಮೇಲೆ ನಾಟಕದ ನಟಿಯಾದವಳು. ಲೇಟನ್ ಉಯಿಲಿನಲ್ಲಿ ಅವಳಿಗೆ 5,000 ಪೌಂಡ್ ಬಿಟ್ಟುಹೋದ. ಆ ಕಾಲಕ್ಕೆ ಅದು ಸಣ್ಣ ಗಂಟಲ್ಲ. ಅದನ್ನು ಬರೆಯದೆ ಬಿಟ್ಟರೆ ನಾವೇ ಸುಳ್ಳರಾಗುತ್ತೇವೆ. ಅವನ ಅಕಾಡೆಮಿಯ ವಿಷಯವೇ ಬೇರೆ. ಅಲ್ಲಿ ಚುನಾಯಿತ ಪೂರ್ಣ ಸದಸ್ಯತ್ವ ಒಬ್ಬ ಹೆಂಗಸಿಗೆ ಸಿಕ್ಕಿದ್ದು 1936ರಲ್ಲಿ.

ಇನ್ನೊಂದು ಮಾತು, ಇದನ್ನು ಹೇಳಲೇಬೇಕು. ಈ ಮ್ಯೂಸಿಯಂ ಕೆನ್ಸಿಂಗ್ಟನ್-ಚೆಲ್ಸಿ ಕೌನ್ಸಿಲ್ಲಿನ ಆಸ್ತಿ. ಚೆನ್ನಾಗಿ ನೋಡಿಕೊಂಡಿದ್ದಾರೆ. 2022ರಲ್ಲಿ ದೊಡ್ಡ ದುರಸ್ತಿ ಮುಗಿಸಿ ಮತ್ತೆ ತೆರೆದರು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಅದೇ ಕೌನ್ಸಿಲ್ಲಿನ ಇನ್ನೊಂದು ಕಟ್ಟಡವಿತ್ತು, ಬಾಡಿಗೆ ಸಂಸಾರಗಳ 24 ಮಹಡಿಯ ಗ್ರೆನ್‌ಫೆಲ್ ಟವರ್. ಅದಕ್ಕೂ ಹೊರಮೈ ಅಲಂಕಾರ ಆಗಿತ್ತು. ಹೊದಿಸಿದ ಹಾಳೆ ಬೆಂಕಿ ಹಿಡಿಯುವಂಥದ್ದು. 2017ರ ಜೂನ್ 14ರ ರಾತ್ರಿ ಹತ್ತಿದ ಬೆಂಕಿಗೆ 72 ಜನ ಸತ್ತರು. ಬೆಂಕಿಯ ಭಯವಿದೆ ಎಂದು ಅಲ್ಲಿದ್ದವರು ಮೊದಲೇ ಬರೆದು ಕೂಗಿದ್ದರು. ಕೇಳುವ ಕಿವಿ ಇರಲಿಲ್ಲ.

ಸತ್ತವರಲ್ಲಿ ಮೊದಲು ಗುರುತು ಸಿಕ್ಕಿದ್ದು 23 ವರ್ಷದ ಒಬ್ಬ ಹುಡುಗನದು. ಸಿರಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದು ಎಂಜಿನಿಯರಿಂಗ್ ಓದುತ್ತಿದ್ದ. ಇದ್ದದ್ದು 14ನೇ ಮಹಡಿಯಲ್ಲಿ. ಅವನ ಊರು ದರಾ. ಡಮಾಸ್ಕಸ್ಸಿನಿಂದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರು.