ರೆಫರ್ಡ್ ಬೈ ಸೆಲ್ಫ್: ಒಂದು ಲ್ಯಾಬ್ ವರದಿಗೆ ಟೀಕು

ಇಪ್ಪತ್ತು ವರ್ಷದಿಂದ ಪಿಯು ಮಕ್ಕಳಿಗೆ ಹಳಗನ್ನಡ ಹೇಳಿಕೊಡುತ್ತಿದ್ದೇನೆ. ಪದ ಬಿಡಿಸು, ಅನ್ವಯ ಮಾಡು, ತಾತ್ಪರ್ಯ ಹೇಳು. ಕೈಗೆ ಏನು ಸಿಕ್ಕರೂ ಇದೇ ಚಾಳಿ. ಕಳೆದ ಮಾರ್ಚಿನಲ್ಲಿ ನನ್ನದೇ ರಕ್ತವನ್ನು ಕುರಿತು ಹದಿನಾಲ್ಕು ಪುಟದ ಗ್ರಂಥವೊಂದು ಮೊಬೈಲಿಗೆ ಬಂತು. ಇಡೀ ಗ್ರಂಥಕ್ಕೆ ಟೀಕು ಬರೆಯುವಷ್ಟು ತಾಳ್ಮೆ ನನಗಿಲ್ಲ. ಎಂಟು ಸಾಲು ಸಾಕು.

«ಮಹಿಳಾ ಸಂಪೂರ್ಣ ಆರೋಗ್ಯ ಪ್ಯಾಕೇಜ್ – 72 ಪರೀಕ್ಷೆ»

'ಸಂಪೂರ್ಣ' ಎಂಬುದು ಅತಿಶಯೋಕ್ತಿ. 72 ಎಂಬುದರಲ್ಲೂ ಕವಿಚಮತ್ಕಾರ ಇದೆ. ಒಂದೇ ಟ್ಯೂಬಿನ ರಕ್ತಕಣ ಪರೀಕ್ಷೆಯ ಒಂದೊಂದು ಸಾಲಿಗೂ ಒಂದೊಂದು ಅಂಕಿ. ಒಂದು ಕೊಲೆಸ್ಟ್ರಾಲನ್ನು ಇನ್ನೊಂದರಿಂದ ಭಾಗಿಸಿ ಬಂದ ಉತ್ತರವೂ ಒಂದು 'ಪರೀಕ್ಷೆ'. ಮಾರ್ಚೇ ಏಕೆ ಅಂದರೆ ಆದಾಯ ತೆರಿಗೆಯ 80ಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿ ತನಕ ತೋರಿಸಬಹುದಿತ್ತು. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಒಟ್ಟಿಗೆ ಮಾಡಿಸಿದೆವು, ಸೀರೆ ಚೀಟಿ ಹಾಕಿದ ಹಾಗೆ.

«ರೆಫರ್ಡ್ ಬೈ: ಸೆಲ್ಫ್»

ವೈದ್ಯರ ಹೆಸರು ಇರಬೇಕಾದ ಜಾಗದಲ್ಲಿ ನಾನೇ ಇದ್ದೇನೆ. ಕರ್ತೃವೂ ನಾನು, ಕರ್ಮವೂ ನಾನು. ಯಾವ ಅನುಮಾನಕ್ಕೆ ಯಾವ ಪರೀಕ್ಷೆ ಎಂದು ಕೇಳಿದವರಿಲ್ಲ, ಬಂದ ಉತ್ತರವನ್ನು ಓದುವವರೂ ಇಲ್ಲ. ಮೊದಲು ಓದಿದಾಗ ಈ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

«ಹಿಮೋಗ್ಲೋಬಿನ್ 9.4 – ಕಡಿಮೆ»

ಎರಡನೇ ಪುಟ. ಹೆಂಗಸರಿಗೆ 12 ಇರಬೇಕು. ಸುಸ್ತು ಇತ್ತು ನಿಜ. ಮೌಲ್ಯಮಾಪನದ ಸುಸ್ತು ಅಂದುಕೊಂಡಿದ್ದೆ.

«ಎಚ್‌ಬಿಎ1ಸಿ 6.0 – ಪ್ರಿಡಯಾಬಿಟಿಸ್»

ಇದು ಒಂಬತ್ತನೇ ಪುಟ. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಎದೆ ಧಸಕ್ಕೆಂದಿತು. ಅವತ್ತೇ ಅನ್ನ ಬಿಟ್ಟೆ.

ಈ ಪರೀಕ್ಷೆಯ ಒಳಗುಟ್ಟು ಹೀಗೆ: ಕೆಂಪು ಕಣಗಳು ಸುಮಾರು 120 ದಿನ ರಕ್ತದಲ್ಲಿ ಓಡಾಡುತ್ತವೆ, ಓಡಾಡಿದಷ್ಟೂ ದಿನ ಅವುಗಳಿಗೆ ಸಕ್ಕರೆ ಅಂಟುತ್ತದೆ. ಎಷ್ಟು ಅಂಟಿದೆ ಎಂದು ನೋಡಿದರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. 5.7ರಿಂದ 6.4ರವರೆಗೆ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ಆದರೆ ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿಯಾದಾಗ ಹೊಸ ಕಣ ಹುಟ್ಟುವುದು ನಿಧಾನವಾಗಿ, ಹಳೆಯವೇ ಹೆಚ್ಚಾಗಿ ಉಳಿಯುತ್ತವೆ. ಆಗ ಸಕ್ಕರೆ ಹೆಚ್ಚಿಲ್ಲದಿದ್ದರೂ ಅಂಕಿ ಮೇಲೆ ಹೋಗಬಹುದು. ಖಾಲಿ ಹೊಟ್ಟೆಯ ಸಕ್ಕರೆ 92 ಎಂದು ಅದೇ ಪುಟದಲ್ಲಿತ್ತು, ತಕರಾರಿಲ್ಲದ ಸಂಖ್ಯೆ. ಎರಡನೇ ಪುಟದ 9.4, ಒಂಬತ್ತನೇ ಪುಟದ 6.0, ಈ ಎರಡಕ್ಕೂ ಅನ್ವಯ ಇದೆ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು?

«ಸಿಎ-125: 41 – ಹೆಚ್ಚು»

ನಿದ್ದೆ ಕೆಡಿಸಿದ್ದು ಈ ಸಾಲು. ಎದುರಿಗೆ 'ಅಂಡಾಶಯದ ಕ್ಯಾನ್ಸರ್ ಸೂಚಕ' ಎಂದಿತ್ತು. ಮಿತಿ 35. ರಾತ್ರಿ ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ಹುಡುಕಿದೆ. ಪಕ್ಕದಲ್ಲಿ ಯಜಮಾನರು ಗೊರಕೆ.

ಕಾಯಿಲೆ ಗೊತ್ತಾದವರ ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡಲು ಈ ಪರೀಕ್ಷೆ ಬೇಕು. ತೊಂದರೆ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಒದಗುವುದಿಲ್ಲ. ಮುಟ್ಟಿನ ದಿನಗಳಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದಾಗಲೂ ಇದು ಏರುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಇದನ್ನೂ ಸ್ಕ್ಯಾನಿಂಗನ್ನೂ ಮಾಡಿ ನೋಡಿದರು. ಅಂಡಾಶಯದ ಕ್ಯಾನ್ಸರಿನ ಸಾವು ಇದರಿಂದ ಕಮ್ಮಿಯಾಗಲಿಲ್ಲ ಎಂದು 2021ರಲ್ಲಿ ಪ್ರಕಟಿಸಿದರು. ಇಂಥದ್ದನ್ನು ಪ್ಯಾಕೇಜಿಗೆ ತುರುಕುವುದು ಅಂಕಿ ಹೆಚ್ಚಿಸುವುದಕ್ಕಲ್ಲದೆ ಬೇರೆ ಯಾತಕ್ಕೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಇರಬೇಕಾದ್ದು ಇರಲಿಲ್ಲ. ಮೂವತ್ತು ದಾಟಿದ ಹೆಂಗಸಿಗೆ ಸರ್ಕಾರಿ ಕಾರ್ಯಕ್ರಮದಲ್ಲೇ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕಂಠ ಇಷ್ಟನ್ನೂ ನೋಡಬೇಕೆಂದಿದೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಮ್ಮಿ ವಿನೆಗರ್, ಹಚ್ಚಿ ಒಂದು ನಿಮಿಷ ಕಾದು ಬೆಳ್ಳಗಾಯಿತೇ ಎಂದು ನೋಡುವ ಪರೀಕ್ಷೆ ಅದು, ಐದು ವರ್ಷಕ್ಕೊಮ್ಮೆ. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಪಿವಿ ವೈರಸ್ ಇದೆಯೇ ಎಂದು ಒಂದೇ ಒಂದು ಸಲ ಪರೀಕ್ಷಿಸಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟಾಗ ಗರ್ಭಕಂಠದ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದದ್ದು 2009ರಲ್ಲಿ ವರದಿಯಾಗಿದೆ. ನನ್ನ 72ರಲ್ಲಿ ಇವೆರಡೂ ಇಲ್ಲ. ರಕ್ತ ಕೊಂಡೊಯ್ಯಲು ಮನೆ ಬಾಗಿಲಿಗೆ ಬರುವ ಹುಡುಗ ಇದನ್ನೆಲ್ಲ ಮಾಡಲಾರ, ಪಾಪ.

«ಬಯಲಾಜಿಕಲ್ ರೆಫರೆನ್ಸ್ ಇಂಟರ್ವಲ್»

ಬಲಗಡೆಯ ಈ ಕಾಲಮ್ಮನ್ನು ಲಕ್ಷ್ಮಣರೇಖೆಯಂತೆ ಓದುತ್ತೇವೆ. ಆದರೆ ಬಹುತೇಕ ಪರೀಕ್ಷೆಗಳಲ್ಲಿ ಅದು ಆರೋಗ್ಯವಂತರ ಪೈಕಿ ನಡುವಿನ ಶೇ. 95 ಜನರ ಅಂಕಿ, ಅಷ್ಟೆ. ನೂರು ಆರೋಗ್ಯವಂತರಲ್ಲಿ ಐವರು ಹೇಗೂ ರೇಖೆಯ ಆಚೆ ಇದ್ದೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ತೊಂದರೆ ಇಲ್ಲದವರಿಗೂ ಒಂದಾದರೂ ಕೆಂಪಕ್ಷರ ಬರುವ ಸಾಧ್ಯತೆ ಶೇ. 64. ಗಣಿತದ ಉಪನ್ಯಾಸಕರ ಕೈಲಿ ಲೆಕ್ಕ ಹಾಕಿಸಿದ್ದೇನೆ. ಅವರ ವರದಿಯಲ್ಲಿ ಮೂರು ಕೆಂಪಕ್ಷರ ಇದ್ದವು.

«ಪ್ಲೀಸ್ ಕೋರಿಲೇಟ್ ಕ್ಲಿನಿಕಲಿ»

ಪ್ರತಿ ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇದಿದೆ. 'ರೋಗಿಯನ್ನು ಕಣ್ಣಾರೆ ನೋಡಿ, ಹೊಂದಿಸಿಕೊಂಡು ಅರ್ಥ ಮಾಡಿಕೊಳ್ಳಿ' ಎಂದು ಭಾವ. ಯಾರಿಗೆ ಹೇಳಿದ ಮಾತು? ವೈದ್ಯರಿಗೆ. ವೈದ್ಯರ ಜಾಗದಲ್ಲಿ ಇದ್ದವಳು ನಾನು. ಸರಿ, ಹೊಂದಿಸಿದೆ: ಸಕ್ಕರೆ ಕಾಯಿಲೆ, ಕ್ಯಾನ್ಸರ್, ಸಾವು.

ಮರುದಿನ ವರದಿಯ ಪ್ರಿಂಟ್ ತೆಗೆಸಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಡಾಕ್ಟ್ರಮ್ಮನಲ್ಲಿಗೆ ಹೋದೆ. ಅಮ್ಮನ ಸಕ್ಕರೆಗೂ ಮಗನ ಟೈಫಾಯ್ಡಿಗೂ ಅವರೇ. ಹದಿನಾಲ್ಕು ಪುಟ ತಿರುವಿ ಹಾಕಲು ಅವರಿಗೆ ಎರಡು ನಿಮಿಷ ಸಾಕಾಯಿತು. ಆಮೇಲೆ ಕಾಗದ ಪಕ್ಕಕ್ಕಿಟ್ಟು, "ಮುಟ್ಟು ಹೇಗಾಗ್ತಿದೆ ಮೇಡಂ? ಹೋದ ವರ್ಷ ಜಾಸ್ತಿ ಹೋಗುತ್ತೆ ಅಂದಿದ್ರಿ" ಅಂದರು. ನಾನು ಮರೆತಿದ್ದೆ. ಅವರ ಪುಸ್ತಕದಲ್ಲಿ ಇತ್ತು. ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಕಂಡಿತು. ಅದರಿಂದ ಅತಿಸ್ರಾವ, ಅದರಿಂದ 9.4, ಅದರಿಂದಲೇ ಬಹುಶಃ 6.0, 41 ಕೂಡ ಆ ಗಡ್ಡೆಯದೇ ಕಿತಾಪತಿ ಇರಬೇಕೆಂದರು. ಮೂರು ಪುಟದಲ್ಲಿ ಚದುರಿದ್ದ ಪದಗಳಿಗೆ ಕರ್ತೃ ಒಂದೇ. ಕಬ್ಬಿಣದ ಮಾತ್ರೆ ಕೊಟ್ಟು, ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ ಮತ್ತೆ ನೋಡೋಣ ಅಂದರು. ಅನ್ನ ತಿನ್ನಿ ಅಂತಲೂ ಅಂದರು.

ನಾರ್ವೆಯಲ್ಲಿ ಹೆಚ್ಚುಕಮ್ಮಿ ಪ್ರತಿಯೊಬ್ಬರ ಹೆಸರೂ ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿ ಇರುತ್ತದೆ. ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಇದ್ದವರಲ್ಲಿ, ಒಂದೇ ವರ್ಷ ಇದ್ದವರಿಗಿಂತ ಸಾವಿನ ಪ್ರಮಾಣ ಸುಮಾರು ಶೇ. 25 ಕಮ್ಮಿ ಇದ್ದದ್ದು ಅಲ್ಲಿನ ದಾಖಲೆಗಳ ಅಧ್ಯಯನದಲ್ಲಿ ಕಂಡುಬಂತು. ಅದೊಂದೇ ಕಾರಣ ಎಂದು ಸಾಧಿಸಿದಂತಾಗಲಿಲ್ಲ. ಆದರೂ ಆ ಪುಸ್ತಕದ 'ಹೋದ ವರ್ಷ'ವನ್ನು ನೆನೆದರೆ ನನಗೆ ಆಶ್ಚರ್ಯವೆನಿಸುವುದಿಲ್ಲ.

«* ಎಂಡ್ ಆಫ್ ರಿಪೋರ್ಟ್ *»

ಮುಗಿಯಲಿಲ್ಲ. ಡಾಕ್ಟ್ರಮ್ಮ ಐದು ನಿಮಿಷ ಮಾತಾಡಿಸದೆ ಕೂರಿಸಿ, ಬೆನ್ನಿಗೆ ಆನಿಕೆ ಕೊಟ್ಟು, ಕೈಯನ್ನು ಎದೆ ಮಟ್ಟಕ್ಕೆ ಮೇಜಿನ ಮೇಲಿಟ್ಟು ಪಟ್ಟಿ ಸುತ್ತಿದರು. 152/94. ಸ್ವಲ್ಪ ಬಿಟ್ಟು ಮತ್ತೆ ನೋಡಿದರು: 146/92. 140/90ರ ಗೆರೆ ಎರಡು ಸಲವೂ ದಾಟಿತ್ತು. ಒಂದೇ ದಿನದ ಅಂಕಿ ನಂಬಿ ಮಾತ್ರೆ ಶುರು ಮಾಡೋದಿಲ್ಲ, ಮುಂದಿನ ವಾರ ಬನ್ನಿ ಎಂದು ವರದಿಯ ಬೆನ್ನ ಮೇಲೆಯೇ ಬರೆದರು. 72 ಪರೀಕ್ಷೆಯಲ್ಲಿ ಬಿಪಿ ಇರಲಿಲ್ಲ.

ಎದ್ದು ಹೊರಡುವಾಗ, "ಬರ್ತಾ ಯಜಮಾನ್ರನ್ನೂ ಕರ್ಕೊಂಡು ಬನ್ನಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಇನ್ನೂ ಬಿಟ್ಟಿಲ್ಲ ತಾನೆ? ಬಾಯಿ ನೋಡ್ಬೇಕು" ಅಂದರು. ಟಾರ್ಚ್ ಬಿಟ್ಟು ಬಾಯಿ ನೋಡುವುದಕ್ಕೆ ಪ್ಯಾಕೇಜಿನಲ್ಲಿ ಸಾಲಿಲ್ಲ. ಆದರೆ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಮಾಡಿದ್ದು ಇಷ್ಟನ್ನೇ. ತಂಬಾಕು, ಹೆಂಡದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲೊಂದು ಭಾಗ ತಗ್ಗಿತು.

ಮನೆಗೆ ಬಂದು ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನಂಗೇನಾಗಿದೆ ಅಂತ?" ಅಂದರು.

"ಏನೂ ಆಗಿಲ್ಲ. ಅದಕ್ಕೇ ಹೋಗೋದು" ಅಂದೆ.